ಲೈಲ್ ಬಚ್ಚಿಟ್ಟ ಬ್ರೇಸ್

ಇಪ್ಪತ್ತಾರು ವರ್ಷಗಳ ಹಿಂದೆ, ಪ್ರೆಸ್ ಯಂತ್ರ ತಮ್ಮನ ಬಲಗೈಯನ್ನು ಮಣಿಕಟ್ಟಿನವರೆಗೆ ನುಂಗಿದ ವಾರ, ಡೆಲ್ಬರ್ಟ್ ಕ್ರೈಡರ್ ಆಸ್ಪತ್ರೆಯ ಮಂಚದ ಪಕ್ಕ ನಿಂತು ಒಂದು ಮಾತು ಕೊಟ್ಟಿದ್ದ.

"ನಾನು ಬದುಕಿರೋ ತನಕ ಜಿಂಕೆ ಬೇಟೆಯ ಮೊದಲ ದಿನ ನಿನಗೆ ತಪ್ಪೋಕೆ ಬಿಡಲ್ಲ ಕಣೋ ಲೈಲ್."

ಈ ವರ್ಷದ ಮೊದಲ ದಿನ ನಾಳೆ. ಡೆಲ್ಬರ್ಟ್ ಆ ಮಾತಿಗಾಗಿಯೇ ತಯಾರಿಸಿದ ಸಾಮಾನು ಕಾನೂನುಬಾಹಿರವಾಗುವುದೂ ನಾಳೆಯಿಂದಲೇ.

"ದಾರಿ ಬಿಡೇ" ಎಂದ ಲೈಲ್.

"ಉತ್ತರ ಕೊಡು, ಬಿಡ್ತೀನಿ" ಎಂದಳು ವರ್ನಾ ಹುಡಾಕ್.

ಅವಳು ಲೈಲನ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವನು ಎಡಗೈಯಲ್ಲಿ ಮಲಗುವ ಚೀಲ, ಮೊಂಡುಗೈಯ ಕಂಕುಳಲ್ಲಿ ಕಾಫಿ ಫ್ಲಾಸ್ಕು ಅವುಚಿಕೊಂಡು, ಅವಳನ್ನು ಸುತ್ತುಹಾಕಿ ಪಿಕಪ್ ಗಾಡಿಯ ಕಡೆ ನುಸುಳಲು ನೋಡುತ್ತಿದ್ದ. ರಾತ್ರಿಯೆಲ್ಲ ಸರೋವರದ ಕಡೆಯಿಂದ ಹಿಮ ಬಂದು ಅಂಗಳದಲ್ಲಿ ಮೊಣಕಾಲುದ್ದ ಬಿದ್ದಿತ್ತು.

"ನಿನ್ನೆ ಹಬ್ಬದೂಟದಲ್ಲೂ ಕೇಳಿದ್ದೇ ಕೇಳ್ದೆ. ಟರ್ಕಿ ತುಂಡು ಗಂಟಲಲ್ಲೇ ನಿಂತಿತ್ತು ನನಗೆ. ಮಾದರಿ ಪ್ಯಾಕ್ ಮಾಡಿದ್ದು ನಾನೇ, ಹೌದು. ಅದರಲ್ಲಿ ತೂತು ಇರಲಿಲ್ಲ. ಇರಲಿಲ್ಲ ಅಂದ್ರೆ ಇರಲಿಲ್ಲ!"

ವರ್ನಾಳ ತಲೆನೋವೇ ಅದು. ಒಂದೇ ಕೈಯವರು ಪಿಸ್ತೂಲನ್ನು ಮುಂಗೈಗೆ ಪಟ್ಟಿಯಿಂದ ಕಟ್ಟಿಕೊಂಡು ನಡುಗದೆ ಗುರಿ ಹಿಡಿಯಲೆಂದು ಡೆಲ್ಬರ್ಟ್ ಮಾಡಿದ ಅಲ್ಯೂಮಿನಿಯಂ ಬ್ರೇಸನ್ನು ಕೇಂದ್ರದ ಬಂದೂಕು ಇಲಾಖೆ ನಾಲ್ಕು ವರ್ಷಗಳ ಹಿಂದೆ ಪರೀಕ್ಷಿಸಿ ಒಪ್ಪಿತ್ತು. ಈ ಸೆಪ್ಟೆಂಬರಿನಲ್ಲಿ ಉಗ್ರಾಣದಿಂದ ಅದೇ ಮಾದರಿಯನ್ನು ಮತ್ತೆ ತೆಗೆದು ನೋಡಿದರೆ, ಪಟ್ಟಿಯ ಮರೆಯಲ್ಲಿ ತಿರುಪಿನ ತೂತು! ಅಲ್ಲಿಗೆ ಭುಜದ ಹಲಗೆ ಸಿಕ್ಕಿಸಿದರೆ ಪಿಸ್ತೂಲು ಕಾನೂನು ನಿಷೇಧಿಸಿದ ಗಿಡ್ಡ ರೈಫಲ್ ಆಗುತ್ತದೆ. ಒಪ್ಪಿಗೆಯನ್ನು ಮೋಸದಿಂದ ಪಡೆದಿದ್ದೀರಿ, ಆದ್ದರಿಂದ ಅದು ರದ್ದು, ಇನ್ನು ಬ್ರೇಸ್ ಇಟ್ಟುಕೊಂಡವರೆಲ್ಲ ತಪ್ಪಿತಸ್ಥರು, ಮಾಡಿದವನ ಮೇಲೆ ಸೋಮವಾರ ಕ್ರಿಮಿನಲ್ ಮೊಕದ್ದಮೆ. ಇಲಾಖೆ ಹೇಳುವುದು ಇಷ್ಟು.

ಡೆಲ್ಬರ್ಟ್ ತಾನು ಮಾಡಿಲ್ಲ ಎನ್ನುತ್ತಾನೆ. ಹಾಗಾದರೆ ಪೆಟ್ಟಿಗೆ ಕಟ್ಟಿದವನು ಮಾಡಿರಬೇಕು. ಕಟ್ಟಿದವನು ಲೈಲ್.

ಶೆರಿಫ್ ಕಚೇರಿಯಲ್ಲಿ ಅರ್ಧ ಆಯಸ್ಸು ಕಳೆದು, ಈಗ ವಕೀಲರಿಗಾಗಿ ಪತ್ತೇದಾರಿಕೆ ಮಾಡುವ ವರ್ನಾ, ಶಾಲೆಯಲ್ಲಿ ತನಗಿಂತ ಒಂದು ತರಗತಿ ಮುಂದಿದ್ದ ಈ ಮನುಷ್ಯನ ಹೆಸರನ್ನು ಯಾರ ಮುಂದೆಯೂ ಹೇಳುವ ಪಾಡು ಬರದಿರಲಿ ಎಂದು ಒಂದು ವಾರದಿಂದ ನಿದ್ದೆಗೆಟ್ಟಿದ್ದಳು.

"ಇವತ್ತು ಬೇರೆ ಪ್ರಶ್ನೆ" ಎಂದಳು. "ಕಪ್ಪು ಬಣ್ಣದ ತೊಟ್ಟಿಗೆ ಬ್ರೇಸ್ ನೇತುಹಾಕೋದು ನೀನೊಬ್ಬನೇನಾ?"

"ಮತ್ಯಾರು ಹಾಕ್ತಾರೆ? ಡೆಲ್‌ಗೆ ಆ ಆಮ್ಲದ ವಾಸನೆಗೆ ಕೆಮ್ಮು ಬರುತ್ತೆ."

"ಮೊದಲಿಂದಾನೂ?"

"ಮೊದಲಿಂದಾನೂ."

"ಅಂಚಿಗೆ ಕ್ಲಿಪ್ ಹಾಕಿ ನೇತುಹಾಕಿದ್ದು ಉಂಟಾ ಯಾವತ್ತಾದರೂ?"

ಲೈಲ್ ಮಲಗುವ ಚೀಲವನ್ನು ಕೆಳಗಿಟ್ಟು ಅವಳನ್ನೇ ನೋಡಿದ. "ಕ್ಲಿಪ್‌ಗೆ ಎರಡು ಕೈ ಬೇಕಮ್ಮಾ ತಾಯಿ. ಒಂದರಲ್ಲಿ ಕ್ಲಿಪ್ ಅಗಲಿಸಬೇಕು, ಇನ್ನೊಂದರಲ್ಲಿ ಸಾಮಾನು ತೂರಿಸಬೇಕು. ನನ್ನ ಇನ್ನೊಂದು ಎಲ್ಲಿದೆ ಅಂತ ಹೇಳು, ಹೋಗಿ ತರ್ತೀನಿ."

"ಮತ್ತೆ ಹೇಗೆ ಹಾಕ್ತೀಯ?"

"ಪಟ್ಟಿ ತೂರೋ ಸೀಳು ಇದೆಯಲ್ಲ, ಅದನ್ನ ಕೊಕ್ಕೆಗೆ ಚುಚ್ಚಿ ಬಿಡ್ತೀನಿ. ಯಾಕೆ?"

ವರ್ನಾ ಉತ್ತರ ಕೊಡುವ ಮೊದಲು ಒಂದು ಉಸಿರು ಬಿಟ್ಟಳು. ಅದು ಹೊರಗಿನ ಚಳಿಯಲ್ಲಿ ದೊಡ್ಡ ಮೋಡವಾಗಿ ನಿಂತಿತು.

ತೊಟ್ಟಿಯಲ್ಲಿ ಕರೆಂಟು ಹರಿಯುವುದು ಕೊಕ್ಕೆಯ ಮೂಲಕ. ಕೊಕ್ಕೆ ಲೋಹಕ್ಕೆ ತಾಗಿದ ಜಾಗಕ್ಕೆ ಮಾತ್ರ ಬಣ್ಣ ಹಿಡಿಯುವುದಿಲ್ಲ; ಎಳ್ಳಿನಷ್ಟು ಬೆಳ್ಳಿ ಚುಕ್ಕೆ ಉಳಿದುಬಿಡುತ್ತದೆ. ಹೋದ ವಾರ ಕಾರ್ಖಾನೆಯಲ್ಲಿ ಲೈಲ್ ಕೆಲಸ ಮಾಡುವುದನ್ನು ವರ್ನಾ ಸುಮ್ಮನೆ ನೋಡುತ್ತ ಕೂತಿದ್ದಳು. ಪ್ರತಿ ಬ್ರೇಸಿನ ಸೀಳಿನೊಳಗೂ ಆ ಚುಕ್ಕೆ ಇತ್ತು. ಬುಧವಾರ ಇಲಾಖೆಯವರು ತೋರಿಸಿದ ಮಾದರಿಯ ತೂತನ್ನು ಮಾತ್ರ ನೋಡಿ ಬಂದಿದ್ದಳು. ಎಲ್ಲರೂ ನೋಡಿದ್ದು ಅದನ್ನೇ. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ತಂಗಳು ಕುಂಬಳಕಾಯಿ ಪೈ ತಿನ್ನುವಾಗ ಇದ್ದಕ್ಕಿದ್ದಂತೆ ನೆನಪಾಯಿತು. ಆ ಮಾದರಿಯ ಎರಡು ಅಂಚುಗಳಲ್ಲಿ ಎದುರುಬದುರಾಗಿ ಎರಡು ಬೆಳ್ಳಿ ಚುಕ್ಕೆಗಳಿದ್ದವು.

"ಉಗ್ರಾಣದಲ್ಲಿರೋದು ಎರಡು ಕೈ ಇರೋರು ನೇತುಹಾಕಿದ್ದು" ಎಂದಳು. "ನೀನಲ್ಲ. ನಿಮ್ಮ ಕಾರ್ಖಾನೆಯದೇ ಅಲ್ಲ. ಯಾರೋ ಬದಲಾಯಿಸಿದ್ದಾರೆ."

ಲೈಲನ ಮುಖ ಮೆಲ್ಲಗೆ ಅರಳಿತು. "ಹಾಗಾದ್ರೆ ಹೋಗಿ ಹೇಳು ಅವರಿಗೆ!"

"ಹೇಳಿದರೆ ನಂಬ್ತಾರಾ? ಆಗ ಕ್ಲಿಪ್ ಹಾಕ್ತಿದ್ರಿ, ಈಗ ಕೊಕ್ಕೆ ಹಾಕ್ತೀರಿ ಅಂತಾರೆ. ಆವತ್ತಿನದೇ ಒಂದು ಬೇಕು. ಇಲಾಖೆಗೆ ಎರಡು ಕಳಿಸಿದ್ರಿ, ಒಂದನ್ನ ಅವರು ವಾಪಸ್ ಕೊಟ್ಟರು. ಅದು ಗುಜರಿಗೆ ಹೋಯ್ತು ಅಂತ ಸೆಪ್ಟೆಂಬರ್‌ನಲ್ಲಿ ಹೇಳಿದೋನು ನೀನೇ."

"ಹೂಂ. ಹೋಯ್ತು."

ಅವನ ಕಿವಿಗಳು ಕೆಂಪಾಗಿದ್ದವು. ಚಳಿಗೆ ಎನ್ನಬಹುದಿತ್ತು, ಆದರೆ ಐದನೆಯ ತರಗತಿಯಲ್ಲಿ ಮೇಷ್ಟ್ರ ಕುರ್ಚಿಗೆ ಗೋಂದು ಹಚ್ಚಿ ಸಿಕ್ಕಿಬಿದ್ದಾಗಲೂ ಅವು ಹೀಗೇ ಕೆಂಪಾಗಿದ್ದವು.

"ಲೈಲ್."

"ಏನು?"

"ಗಾಡಿಯ ಸೀಟಿನ ಮೇಲಿರೋ ಪೆಟ್ಟಿಗೆ ತೆಗಿ."

"ಅದರಲ್ಲಿ ಬರೀ ಪಿಸ್ತೂಲಿದೆ."

"ಪಿಸ್ತೂಲಿನ ಹಿಂದೆ?"

ಅವನು ಹಿಮ ಒದೆಯುತ್ತ ಹೋಗಿ ಪೆಟ್ಟಿಗೆ ತೆರೆದ. ಒಂದೇ ಗುಂಡಿನ ಬೇಟೆ ಪಿಸ್ತೂಲು, ಅದರ ಹಿಂದೆ ಬಳಸಿ ಬಳಸಿ ಮಾಸಿದ ಕಪ್ಪು ಬ್ರೇಸ್, ಅದರ ಹೊಟ್ಟೆಗೆ ಸುತ್ತಿದ ಟೇಪು. ವರ್ನಾ ಉಗುರಿನಿಂದ ಟೇಪು ಕಿತ್ತಳು. ಕೆಳಗೆ ಇಲಾಖೆಯವರು ಕೊರೆದ ಅಂಕೆ: ಎರಡು.

"ಅಯ್ಯೋ ನಿನ್ನ! ನಿಮ್ಮಣ್ಣ ಜೈಲಿಗೆ ಹೋಗೋದರಲ್ಲಿದ್ದಾನೆ, ಅವನನ್ನ ಉಳಿಸೋ ಒಂದೇ ಸಾಮಾನು ನಿನ್ನ ಗಾಡಿಯಲ್ಲಿ ಕೂತಿದೆ!"

"ಇದು ಉಳಿಸುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?" ಲೈಲನ ದನಿ ಒಡೆಯಿತು. "ಮಿಕ್ಕಿದ್ದೆಲ್ಲ ಮಾರೋಕೆ ಮಾಡಿದ್ದು. ಈ ಎರಡನ್ನ ಡೆಲ್ ನನ್ನ ತೋಳಿನ ಅಳತೆ ತಗೊಂಡು ಮಾಡಿದ್ದ. ಸರ್ಕಾರದವರ ಕೈಗೆ ಸಿಕ್ಕಿದರೆ ನಾನು ಸಾಯೋವರೆಗೂ ವಾಪಸ್ ಬರಲ್ಲ. ಮೊದಲ ದಿನಕ್ಕೆ ಏನು ಕಟ್ಕೊಂಡು ಹೋಗಲಿ? ಅದಕ್ಕೇ ಹೋಯ್ತು ಅಂದೆ."

"ಡೆಲ್ ಒಳಗಿದ್ದರೆ ಮೊದಲ ದಿನ ಯಾರ ಜೊತೆ ಹೋಗ್ತೀಯ?"

ಲೈಲ್ ಪಿಸ್ತೂಲಿನಿಂದ ಬ್ರೇಸನ್ನು ಬಿಡಿಸಿ, ಮಗುವನ್ನು ಬೇರೆಯವರ ಕೈಗೆ ಕೊಡುವ ಹಾಗೆ ಅವಳ ಕೈಗೆ ಕೊಟ್ಟ.

"ನಾನೂ ಬರ್ತೀನಿ" ಎಂದ. "ಅದು ಎಲ್ಲಿಗೆ ಹೋಗುತ್ತೋ ನೋಡ್ಬೇಕು."

*

ಈರಿ ಪಟ್ಟಣದ ಫೆಡರಲ್ ಕಟ್ಟಡದಲ್ಲಿ ಆ ಶುಕ್ರವಾರ ಅರ್ಧಕ್ಕರ್ಧ ಕುರ್ಚಿಗಳು ಖಾಲಿ. ಇದ್ದವರೂ ಬೇಟೆಯ ಬೂಟು ಹಾಕಿಕೊಂಡೇ ಬಂದಿದ್ದರು. ಹಬ್ಬದ ಮರುದಿನ, ಬೇಟೆಯ ಹಿಂದಿನ ದಿನ ವಿಚಾರಣೆ ಇಟ್ಟುಕೊಳ್ಳುವ ಯೋಚನೆ ಈ ಸೀಮೆಯ ಯಾರ ತಲೆಗೂ ಹೊಳೆಯುವುದಿಲ್ಲ. ಅದು ಹೊಳೆದದ್ದು ವಾಷಿಂಗ್ಟನ್ನಿನಿಂದ ಬಂದಿದ್ದ ಸರ್ಕಾರಿ ವಕೀಲೆ ಇಮೋಜೆನ್ ಲಾಕ್‌ರಿಜ್‌ಗೆ.

ಆಕೆಯ ತೆಳುವಾದ ಪಟ್ಟಣದ ಬೂಟು ಹಿಮದಲ್ಲಿ ನೆನೆದು ನೆಲದ ಮೇಲೆ ಒದ್ದೆ ಗುರುತು ಬಿಡುತ್ತಿತ್ತು. ಮೇಜಿನ ಆಚೆ ಆಕೆ. ಈಚೆ ಡೆಲ್ಬರ್ಟ್, ಲೈಲ್, ವರ್ನಾ ಮತ್ತು ಡೆಲ್ಬರ್ಟನ ವಕೀಲೆ ಥೀಡಾ ವುಲ್ಕಾಟ್. ಥೀಡಾ ವರ್ನಾಳಿಗೆ ಹತ್ತು ವರ್ಷದ ಗೆಳತಿ, ಈ ಕೆಲಸಕ್ಕೆ ಹಚ್ಚಿದವಳೂ ಆಕೆಯೇ. ನಡುವೆ ಪಾರದರ್ಶಕ ಚೀಲದಲ್ಲಿ ಉಗ್ರಾಣದ ಮಾದರಿ.

"ನ್ಯಾಯಾಧೀಶರು ಒಂದು ಗಂಟೆಗೆ ಕರೀತಾರೆ" ಎಂದಳು ಲಾಕ್‌ರಿಜ್. "ಅಷ್ಟರೊಳಗೆ ಏನೋ ತೋರಿಸಬೇಕು ಅಂದಿರಂತೆ. ತೋರಿಸಿ."

ವರ್ನಾ ಕೋಟಿನೊಳಗಿಂದ ಲೈಲನ ಬ್ರೇಸ್ ತೆಗೆದು ಚೀಲದ ಪಕ್ಕ ಇಟ್ಟಳು. ಅಂಕೆ ಮೇಲಕ್ಕಿತ್ತು.

ಥೀಡಾಳ ಪೆನ್ನು ಕೈಜಾರಿ ಉರುಳಿತು. ಡೆಲ್ಬರ್ಟ್ ಬ್ರೇಸನ್ನು ನೋಡಿ, ತಮ್ಮನನ್ನು ನೋಡಿ, ಮತ್ತೆ ಬ್ರೇಸನ್ನು ನೋಡಿದ.

"ಗುಜರಿಗೆ ಹೋಯ್ತು ಅಂದೆಯಲ್ಲೋ!"

"ಆಮೇಲೆ ಬಯ್ಯಿ" ಎಂದ ಲೈಲ್, ಕಿಟಕಿಯ ಕಡೆ ನೋಡುತ್ತ.

"ಇದು ನಿಮ್ಮವರೇ ವಾಪಸ್ ಕಳಿಸಿದ ಜೋಡಿ ಮಾದರಿ" ಎಂದಳು ವರ್ನಾ. "ಲಾಕ್‌ರಿಜ್ ಅವರೇ, ಈ ಸೀಳಿನೊಳಗೆ ನೋಡಿ. ಬೆಳ್ಳಿ ಚುಕ್ಕೆ ಕಾಣುತ್ತಾ?"

"ಕಾಣುತ್ತೆ."

"ಅಂಚು?"

"ಪೂರ್ತಿ ಕಪ್ಪು."

"ಈಗ ನಿಮ್ಮ ಚೀಲದಲ್ಲಿರೋದು."

ಲಾಕ್‌ರಿಜ್ ಕೈಗವಸು ಹಾಕಿಕೊಂಡು ಮಾದರಿಯನ್ನು ಹೊರಗೆ ತೆಗೆದಳು. ಕಿಟಕಿಯ ಬೆಳಕಿಗೆ ಹಿಡಿದಳು. ಸೀಳಿನೊಳಗೆ ಪೂರ್ತಿ ಕಪ್ಪು. ಅಂಚಿನಲ್ಲಿ ಎರಡು ಚುಕ್ಕೆ.

ವರ್ನಾ ಕೊಕ್ಕೆಯ ಕಥೆ ಹೇಳಿದಳು. ಲೈಲ್ ಕೇಳಿಸದವನಂತೆ ಮೊಂಡುಗೈಯನ್ನು ಜೇಬಿಗೆ ಇಳಿಸಿದ.

"ಚೆನ್ನಾಗಿದೆ" ಎಂದಳು ಲಾಕ್‌ರಿಜ್. ಆಕೆಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ಆದರೆ ಸಾಲದು. ಸರ್ಕಾರಕ್ಕೆ ತೋರಿಸೋ ಸಾಮಾನು ಅಂತ ಒಂದನ್ನ ಹೊರಗಡೆ ಕೊಟ್ಟು ಬಣ್ಣ ಹಾಕಿಸಿರಬಹುದು. ಹೌದಾ ಅಲ್ವಾ?"

"ಎರಡು ಮಾಡಿ ಒಂದನ್ನ ಮಾತ್ರ ಹೊರಗೆ ಕೊಡ್ತಾರಾ?"

"ಮೋಸ ಮಾಡೋನಾದರೆ ಕೊಡ್ತಾನೆ. ನೋಡಿ ಮೇಡಂ, ಭುಜಕ್ಕೆ ಒತ್ತಿ ಹೊಡೆಯೋ ಬಂದೂಕು ಕೋಟಿನೊಳಗೆ ಅಡಗೋ ಅಷ್ಟು ಗಿಡ್ಡ ಇರಬಾರದು ಅಂತ ಕಾನೂನು ಇರೋದು ಸುಮ್ಮನೆ ಅಲ್ಲ. ಅಂಥದ್ದೊಂದು ಕೋಟಿನಿಂದ ಹೊರಗೆ ಬಂದ ಮೇಲೆ ಏನಾಗಿತ್ತು ಅಂತ ನೋಡೋಕೆ ನಾನು ಹೋಗಿದ್ದೆ. ಚುಕ್ಕೆ ನೋಡಿ ಕರಗಿಬಿಡಲ್ಲ."

"ಕರಗೋದು ಬೇಡ" ಎಂದಳು ವರ್ನಾ. "ಮಾದರಿ ಬಂದ ದಿನ ನಿಮ್ಮವರು ಚಿತ್ರ ತೆಗೀತಾರಲ್ವಾ? ನೀವೇ ತೆಗೆದ ಚಿತ್ರ. ಅದನ್ನ ದೊಡ್ಡದು ಮಾಡಿ ನೋಡಿ. ನಾನು ಮುಟ್ಟೋದೂ ಇಲ್ಲ."

ಲಾಕ್‌ರಿಜ್ ಲ್ಯಾಪ್‌ಟಾಪ್ ತೆರೆದಳು.

ಚಿತ್ರದಲ್ಲಿ ಎರಡು ಬ್ರೇಸುಗಳು ಹೊಟ್ಟೆ ಮೇಲಾಗಿ ಅಕ್ಕಪಕ್ಕ ಮಲಗಿದ್ದವು. ಪಟ್ಟಿ ತೂತಿನ ಜಾಗವನ್ನು ಮುಚ್ಚಿತ್ತು. ಅದಕ್ಕೇ ಇಷ್ಟು ದಿನ ಆ ಚಿತ್ರ ಯಾರ ಉಪಯೋಗಕ್ಕೂ ಬಂದಿರಲಿಲ್ಲ. ಆಕೆ ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು. ಎರಡರ ಅಂಚೂ ನುಣ್ಣಗೆ ಕಪ್ಪು. ಎರಡರ ಸೀಳಿನ ಬಾಯಲ್ಲೂ ಒಂದೊಂದು ಬಿಳಿ ಕಣ.

"ಬೆಳಕಿನ ಮಿಂಚು ಇರಬಹುದು" ಎಂದಳು ತನಗೆ ತಾನೇ.

ಲೈಲನ ಬ್ರೇಸನ್ನು ಎತ್ತಿ ಪರದೆಯ ಪಕ್ಕ ಹಿಡಿದಳು. ಎರಡನೆಯದರ ಸೀಳಿನ ಬಳಿ ಅಕ್ಕಿಕಾಳಿನಷ್ಟು ಒಂದು ಕಚ್ಚು ಇತ್ತು. ಪರದೆಯಲ್ಲೂ ಇತ್ತು. ಕಚ್ಚಿನ ಎಡಕ್ಕೆ ಚುಕ್ಕೆ. ಪರದೆಯಲ್ಲೂ ಅಲ್ಲೇ. ಹಾಗಿದ್ದಮೇಲೆ ಒಂದನೆಯದರಲ್ಲಿ ಅದೇ ಜಾಗದಲ್ಲಿ ಹೊಳೆಯುವುದೂ ಮಿಂಚಲ್ಲ. ಚೀಲದಿಂದ ತೆಗೆದ ವಸ್ತುವಿನಲ್ಲಿ ಆ ಜಾಗ ಬರೀ ಕಪ್ಪು.

ಲಾಕ್‌ರಿಜ್ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಕೈಗವಸು ಕಳಚಿದಳು.

"ಇದು ನಮಗೆ ಬಂದ ಮಾದರಿಯಲ್ಲ" ಎಂದಳು.

ಬಾಗಿಲು ತೆರೆದು ಕೋರ್ಟಿನ ಗುಮಾಸ್ತ ತಲೆ ತೂರಿಸಿದ. ಅವನ ತಲೆಯ ಮೇಲೆ ಆಗಲೇ ಬೇಟೆಯ ಕಿತ್ತಳೆ ಟೋಪಿ. "ಸಾಹೇಬರು ಕಾರಿನ ಬೀಗದ ಕೈ ಹುಡುಕ್ತಾ ಇದಾರೆ. ಬರೋದಾದರೆ ಈಗಲೇ ಬನ್ನಿ."

*

ವಿಚಾರಣೆ ಒಂದು ಕಪ್ ಕಾಫಿ ಆರುವಷ್ಟು ಹೊತ್ತೂ ನಡೆಯಲಿಲ್ಲ. ಲಾಕ್‌ರಿಜ್ ತಾನೇ ಎದ್ದು ನಿಂತು, ಇಲಾಖೆಯ ವಶದಲ್ಲಿದ್ದ ಮಾದರಿ ಬದಲಾಗಿದೆ, ಬ್ರೇಸಿನ ಒಪ್ಪಿಗೆ ರದ್ದು ಮಾಡಿದ ಆದೇಶವನ್ನು ತಡೆಹಿಡಿಯಲು ಸರ್ಕಾರದ ಆಕ್ಷೇಪವಿಲ್ಲ, ಸೋಮವಾರದ ಮೊಕದ್ದಮೆಯನ್ನೂ ಹೂಡುವುದಿಲ್ಲ, ಉಗ್ರಾಣದಲ್ಲಿ ಏನು ನಡೆಯಿತೆಂದು ತಾನೇ ತನಿಖೆ ಮಾಡಿಸುತ್ತೇನೆ ಎಂದಳು.

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ಅಂದರೆ ನಾಳೆ ಕ್ರೈಡರ್ ಬ್ರೇಸ್ ಕಟ್ಕೊಂಡು ಕಾಡಿಗೆ ಹೋದರೆ ಅಪರಾಧ ಅಲ್ಲ."

"ಅಲ್ಲ, ಮಹಾಸ್ವಾಮಿ."

"ಜಿಂಕೆಗಳನ್ನು ಬಿಟ್ಟು ಎಲ್ಲರಿಗೂ ಒಳ್ಳೆಯ ಸುದ್ದಿ. ಮುಗೀತು, ಹೊರಡಿ."

ಹೊರಗಿನ ಓಣಿಯಲ್ಲಿ ಡೆಲ್ಬರ್ಟ್ ಬೆಂಚಿನ ಮೇಲೆ ಕುಸಿದು ಕೂತ. ಜೇಬಿನಿಂದ ಕಾಗದ ಸುತ್ತಿದ ಟರ್ಕಿ ಸ್ಯಾಂಡ್‌ವಿಚ್ ತೆಗೆದು, ಒಂದು ಕಚ್ಚು ಕಚ್ಚಿ, ಬಾಯಿ ತುಂಬಿಕೊಂಡೇ ತಮ್ಮನನ್ನು ಬೈಯತೊಡಗಿದ.

"ಕತ್ತೆ. ಕತ್ತೆ ಕಣೋ ನೀನು. ನಾನು ಒಳಗೆ ಕೂತು ಕಂಬಿ ಎಣಿಸ್ತಾ ಇರ್ತಿದ್ದೆ, ನೀನು ಮರದ ಮೇಲೆ ಕೂತು ಜಿಂಕೆ ಎಣಿಸ್ತಾ ಇರ್ತಿದ್ದೆ!"

"ನೋಡೋಕೆ ಬರ್ತಿದ್ದೆ ನಿನ್ನ. ಮಾಂಸ ತಂದುಕೊಡ್ತಿದ್ದೆ."

"ಮಾಂಸ ತರ್ತಾನಂತೆ ಮಾಂಸ!"

ಬೈಯುತ್ತಲೇ ಅವನ ಕಣ್ಣಲ್ಲಿ ನೀರು ಬಂದಿತ್ತು. ಅರ್ಧ ಸ್ಯಾಂಡ್‌ವಿಚ್ ಹರಿದು ತಮ್ಮನ ಕೈಗೆ ತುರುಕಿದ. ಲೈಲ್ ಅದನ್ನು ಎರಡೇ ತುತ್ತಿಗೆ ಮುಗಿಸಿದ. ಅಣ್ಣತಮ್ಮಂದಿರ ನಗು ಆ ಖಾಲಿ ಕಟ್ಟಡದಲ್ಲಿ ಮೆಟ್ಟಿಲು ಇಳಿದು ಹೋಗುವುದು ಕೇಳಿಸಿತು.

ವರ್ನಾ ಗೋಡೆಗೆ ಒರಗಿ ನಿಂತಳು. ಒಂದು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದುಹೋಗಿತ್ತು. ಲೈಲ್ ಅಲ್ಲ. ಮನೆಗೆ ಹೋಗಿ ಬೂಟನ್ನೂ ಬಿಚ್ಚದೆ ಸೋಫಾದ ಮೇಲೆ ಬಿದ್ದುಕೊಳ್ಳಬೇಕು, ಯಾರೂ ಎಬ್ಬಿಸಬಾರದು ಎನ್ನಿಸಿತು.

ಲಾಕ್‌ರಿಜ್ ಬ್ರೇಸ್ ಹಿಡಿದುಕೊಂಡು ಹೊರಗೆ ಬಂದಳು. ಲೈಲನ ನಗು ನಿಂತಿತು.

"ಅಳತೆ, ಚಿತ್ರ ಎಲ್ಲ ತಗೊಂಡಾಯ್ತು. ಆದರೆ ನಿಜವಾದ ಮಾದರಿ ಅಂತ ಉಳಿದಿರೋದು ಇದೊಂದೇ. ನಮ್ಮ ಹತ್ತಿರ ಇದ್ದರೆ ಒಳ್ಳೇದಿತ್ತು."

"ನಿಮ್ಮ ಹತ್ತಿರ ಇದ್ದದ್ದಕ್ಕೆ ಏನಾಯ್ತು ಅಂತ ಈಗ ತಾನೇ ನೋಡಿದ್ವಲ್ಲ?" ಥೀಡಾ ನಡುವೆ ಬಂದಳು. ಬೆಳಿಗ್ಗೆಯಿಂದ ಅಷ್ಟೊಂದು ಮಾತಾಡದಿದ್ದವಳ ದನಿ ಈಗ ಚುರುಕಾಗಿತ್ತು. "ಅದು ಲೈಲ್ ಅವರ ಸ್ವತ್ತು. ವಾರಂಟ್ ಇದೆಯಾ? ಇಲ್ಲ. ನಾಳೆ ಬೇಟೆಗೆ ಅವರ ತೋಳಿಗೆ ಅದೇ ಬೇಕು. ಸೋಮವಾರ ನಾನೇ ಖುದ್ದಾಗಿ ತಂದೊಪ್ಪಿಸ್ತೀನಿ."

ಲಾಕ್‌ರಿಜ್ ಲೈಲನ ಮುಖ ನೋಡಿದಳು. ಹೊಸ ಬೂಟಿಗಾಗಿ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತ ಮಗುವಿನ ಮುಖ ಅದು.

"ಕಳೆದುಕೊಳ್ಳಬೇಡಿ" ಎಂದು ಅವನ ಕೈಗಿಟ್ಟಳು. "ಮತ್ತೆ... ಹುಷಾರಾಗಿ ಹೋಗಿ ಬನ್ನಿ. ಏನು ಹೇಳ್ತಾರೋ ಇಲ್ಲಿ, ನನಗೆ ಗೊತ್ತಿಲ್ಲ."

"ದೊಡ್ಡದೇ ಸಿಗಲಿ ಅಂತಾರೆ" ಎಂದ ಲೈಲ್.

"ದೊಡ್ಡದೇ ಸಿಗಲಿ."

ಲೈಲ್ ಥೀಡಾಳ ಕೈ ಹಿಡಿದು ಜಗ್ಗಿ ಜಗ್ಗಿ ಕುಲುಕಿದ. "ಲಾಯರಮ್ಮಾ, ನಾಳೆ ನಮ್ಮ ಜೊತೆ ಬರ್ಲೇಬೇಕು. ಮೇಲಿನ ಗುಡ್ಡದ ನನ್ನ ಮಚಾನು ಯಾರಿಗೂ ತೋರಿಸಿಲ್ಲ. ನಿಮಗೆ ತೋರಿಸ್ತೀನಿ."

"ಬರ್ತೀನಿ" ಎಂದಳು ಥೀಡಾ ನಗುತ್ತ. "ಅಪ್ಪನ ರೈಫಲ್ ಮೂಲೆಯಲ್ಲಿ ತುಕ್ಕು ಹಿಡೀತಿದೆ. ವರ್ನಾ, ನೀನೂ ಬಾರೇ."

"ನಾನು ಕಾಫಿ ತರ್ತೀನಿ. ಜಿಂಕೆ ನೀವೇ ತನ್ನಿ" ಎಂದಳು ವರ್ನಾ.

*

ಬೆಳಕು ಹರಿಯುವ ಮುನ್ನ ಕಾಡಿನ ಅಂಚಿನ ಕಚ್ಚಾ ರಸ್ತೆಯುದ್ದಕ್ಕೂ ಪಿಕಪ್ಪುಗಳು ಸಾಲುಗಟ್ಟಿದ್ದವು. ಊರಿಗೆ ಊರೇ ಅಲ್ಲಿತ್ತು: ಅಂಚೆಯವನು, ದಂತವೈದ್ಯ, ಶಾಲೆಯ ಅಡುಗೆಯವಳು, ಎಲ್ಲರೂ ಕಿತ್ತಳೆ ಜಾಕೀಟಿನಲ್ಲಿ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಡೆಲ್ಬರ್ಟನ ಬೆನ್ನು ತಟ್ಟಿ ತಟ್ಟಿ ಮುಂದೆ ಹೋಗುತ್ತಿದ್ದರು.

ವರ್ನಾ ಗಾಡಿಯ ಹಿಂಬದಿಯ ಹಲಗೆಯ ಮೇಲೆ ಕೂತು ಲೋಟಗಳಿಗೆ ಕಾಫಿ ಸುರಿದಳು. ಲೈಲ್ ಬ್ರೇಸಿನ ಪಟ್ಟಿಯನ್ನು ಎಡಮುಂಗೈಗೆ ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿದುಕೊಂಡ. ಡೆಲ್ಬರ್ಟ್ ಸಹಾಯಕ್ಕೆ ಕೈ ಮುಂದೆ ಮಾಡಲಿಲ್ಲ. ಸುಮ್ಮನೆ ನೋಡುತ್ತ ನಿಂತ. ಇಪ್ಪತ್ತಾರು ವರ್ಷದಿಂದ ಹಾಗೇ ನೋಡುತ್ತ ನಿಂತವನು.

"ನಡಿ, ಮುದುಕ" ಎಂದ ಲೈಲ್.

"ನೀನು ನಡಿ, ಕತ್ತೆ."

ಮೂರು ಕಿತ್ತಳೆ ಜಾಕೀಟುಗಳು ಏರು ಹತ್ತಿದವು. ಕಾಲುದಾರಿ ಕವಲೊಡೆಯುವಲ್ಲಿ ಡೆಲ್ಬರ್ಟ್ ಎಡಕ್ಕೆ ತಿರುಗಿ ತನ್ನ ಮಚಾನಿನ ಕಡೆ ಹೋದ. ಲೈಲ್ ಬಲಕ್ಕೆ, ಮೇಲಿನ ಗುಡ್ಡಕ್ಕೆ. ಅವನ ಹಿಂದೆ, ಹೆಗಲಿಗೆ ರೈಫಲ್ ಹಾಕಿಕೊಂಡು, ಥೀಡಾ.

ವರ್ನಾ ಕಾಫಿ ಕುಡಿದಳು. ಎಷ್ಟೋ ದಿನಗಳ ಮೇಲೆ ಅದಕ್ಕೆ ರುಚಿ ಬಂದಿತ್ತು.

ಫೋನು ನಡುಗಿತು. ಲಾಕ್‌ರಿಜ್.

"ಇಷ್ಟು ಬೇಗ ಎಬ್ಬಿಸಿಬಿಟ್ಟೆನಾ?"

"ಇಲ್ಲಿ ಇವತ್ತು ಯಾರೂ ಮಲಗಿರಲ್ಲ. ಹೇಳಿ."

"ನಮ್ಮ ಉಗ್ರಾಣದವನೂ ಅವನ ಊರಿನ ಕಾಡಲ್ಲಿದ್ದ, ರಾತ್ರಿ ಕೈಗೆ ಸಿಕ್ಕ. ಆ ಪೆಟ್ಟಿಗೆ ನಾಲ್ಕು ವರ್ಷದಲ್ಲಿ ಹೊರಗಿನವರ ಮುಂದೆ ತೆರೆದಿರೋದು ಒಂದೇ ಸಲವಂತೆ. ಏಪ್ರಿಲ್‌ನಲ್ಲಿ. ಕ್ರೈಡರ್‌ಗೆ ಪೈಪೋಟಿ ಕೊಡೋ ಬ್ರೇಸ್ ಕಂಪನಿಯ ಹೆಸರಲ್ಲಿ ಅನುಮತಿ ತಗೊಂಡು ಒಬ್ಬ ವಕೀಲೆ ಬಂದಿದ್ದಳು. ಕಾವಲಿನವನು ನೀರು ತರೋಕೆ ಹೋದಾಗ ಒಂದಷ್ಟು ಹೊತ್ತು ಒಬ್ಬಳೇ ಇದ್ದಳು. ಕ್ಯಾಮೆರಾ ಚಿತ್ರ ಕಳಿಸಿದೀನಿ. ನಿಮಗೆ ಇದು ಮೊದಲೇ ಗೊತ್ತಿತ್ತಾ ಇಲ್ಲವಾ, ಅದನ್ನ ನಿಮ್ಮ ಬಾಯಿಂದ ಕೇಳಬೇಕು ನನಗೆ."

ವರ್ನಾ ಫೋನನ್ನು ಕಿವಿಯಿಂದ ಇಳಿಸಿ ನೋಡಿದಳು.

ಉದ್ದನೆಯ ಮೇಜು. ಮೇಜಿನ ಮೇಲೆ ತೆರೆದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಬಾಗಿದವಳು ಥೀಡಾ ವುಲ್ಕಾಟ್.

ಏಪ್ರಿಲ್. ಇಲಾಖೆಯ ನೋಟಿಸು ಬಂದದ್ದು ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಕ್ರೈಡರ್ ಎಂಬ ಹೆಸರನ್ನೇ ಕೇಳಿರಲಿಲ್ಲ ಎಂದು ಥೀಡಾ ತಾನೇ ವರ್ನಾಳಿಗೆ ಹೇಳಿದ್ದಳು.

"ಹುಡಾಕ್ ಅವರೇ? ಇದೀರಾ? ಆ ಎರಡನೇ ಬ್ರೇಸ್ ಈಗ ಎಲ್ಲಿದೆ?"

ವರ್ನಾ ಎದ್ದು ನಿಂತಿದ್ದಳು. ಥೀಡಾಳ ಕೈವಾಡಕ್ಕೆ ಉಳಿದ ಒಂದೇ ಸಾಕ್ಷಿ ಲೈಲನ ತೋಳಿನಲ್ಲಿತ್ತು. ಚೆಲ್ಲಿದ ಕಾಫಿ ಹಿಮದಲ್ಲಿ ಹೊಗೆಯಾಡುತ್ತಿತ್ತು. ಲೈಲನ ಫೋನಿಗೆ ಕರೆ ಮಾಡಿದಳು. ಮೇಲಿನ ಗುಡ್ಡದಲ್ಲಿ ಯಾವತ್ತೂ ಸಿಗ್ನಲ್ ಇರುವುದಿಲ್ಲ. ಹೆಸರು ಹಿಡಿದು ಕೂಗಿದಳು. ಸಾಲಿನಲ್ಲಿದ್ದ ಯಾರೋ ಜಿಂಕೆ ಬೆದರುತ್ತವೆ ಎಂದು ಶ್ಶ್ ಎಂದರು.

ಏರಿನ ಮೇಲೆ, ಮರಗಳ ನಡುವೆ, ಎರಡು ಕಿತ್ತಳೆ ಚುಕ್ಕೆಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಆಮೇಲೆ ಅವೂ ಕಾಣಲಿಲ್ಲ.

ವರ್ನಾ ಓಡತೊಡಗಿದಳು. ಅವಳು ಕವಲನ್ನು ಮುಟ್ಟುವ ಮೊದಲೇ ಮೇಲಿನ ಗುಡ್ಡದಿಂದ ಒಂದು ರೈಫಲ್ ಗುಂಡಿನ ಸದ್ದು ಕೇಳಿತು. ಈ ವರ್ಷದ ಮೊದಲ ಗುಂಡು. ಕೆಳಗೆ ರಸ್ತೆಯಲ್ಲಿದ್ದವರು ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಲೈಲನಿಗೆ ಮೊದಲ ದಿನ ತಪ್ಪಿರಲಿಲ್ಲ. ಡೆಲ್ಬರ್ಟ್ ಕೊಟ್ಟ ಮಾತು ಉಳಿಸಿಕೊಂಡಿದ್ದ.